ಹೊಟ್ಟೆ ಕಿತ್ತುಕೊಂಡು ತಲೆಯಿಲ್ಲವೆಂಬರೇ?

“ಕೂಲಿಯವನ ಮಗನಿಗೆ ಓದು ಹತ್ತದು, ಬುದ್ಧಿ ರಕ್ತದಲ್ಲೇ ಬರಬೇಕು.” ಹೊಟ್ಟೆ ತುಂಬಿದವರ ಈ ಮಾತಿಗೆ ನಮ್ಮ ಆಂಡರ್ಸನ್‌ಪೇಟೆಯಲ್ಲೂ ಹಣೆಬರಹವೆಂದು ತಲೆಯಾಡಿಸುವವರಿದ್ದಾರೆ. ಮಾತು ಶುದ್ಧ ಸುಳ್ಳು. ಮಂಗನ ಮಿದುಳೇ ಅದಕ್ಕೆ ಸಾಕ್ಷಿ.

ಕೋತಿಮರಿ ಹುಟ್ಟುವಾಗಲೇ ಅದರ ಮಿದುಳು ಅರ್ಧಕ್ಕಿಂತ ಹೆಚ್ಚು ಬೆಳೆದಿರುತ್ತದೆ. ಚಿಂಪಾಂಜಿ ಮರಿಯದು ಹುಟ್ಟುವಾಗ ಸುಮಾರು 150 ಗ್ರಾಂ, ಬೆಳೆದಾಗ 400ರ ಆಸುಪಾಸು. ನಮ್ಮ ಕೂಸಿನದು ಹುಟ್ಟುವಾಗ 350ರಿಂದ 400 ಗ್ರಾಂ, ದೊಡ್ಡವನಾದಾಗ ಸುಮಾರು 1,350. ಅಂದರೆ ಮನುಷ್ಯನ ಮಿದುಳಿನ ಮುಕ್ಕಾಲು ಪಾಲು ಬೆಳೆಯುವುದು ಹುಟ್ಟಿದ ಮೇಲೆ: ತಾಯಿಯ ಮಡಿಲಲ್ಲಿ, ಅಜ್ಜಿಯ ಮಾತಿನಲ್ಲಿ, ಬೀದಿಯ ಆಟದಲ್ಲಿ, ತಟ್ಟೆಯ ಅನ್ನದಲ್ಲಿ. ಅದರ ಗಾತ್ರ ಬಹುಮಟ್ಟಿಗೆ ತುಂಬುವುದು ಆರು ವರ್ಷದೊಳಗೆ. ಐದರ ವಯಸ್ಸಿನಲ್ಲಿ ಮಗುವಿನ ದೇಹ ಬಳಸುವ ಶಕ್ತಿಯಲ್ಲಿ ಐದರಲ್ಲಿ ಎರಡು ಪಾಲು ಮಿದುಳೊಂದಕ್ಕೇ ಬೇಕು.

ಈಗ ನಮ್ಮ ಊರಿನ ಲೆಕ್ಕ ನೋಡೋಣ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಕೂಸು ಏಳುವ ಮೊದಲು ಹೊರಟ ತಾಯಿ ಅದು ಮಲಗಿದ ಮೇಲೆ ಮನೆ ಸೇರಿದರೆ, ಅದಕ್ಕೆ ಉಣಿಸುವವರಾರು, ಮಾತು ಕಲಿಸುವವರಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅವರು ದಡ್ಡರೆಂದು ಇದರ ಅರ್ಥವಲ್ಲ. ಅವರ ಪಾಲು ಅವರಿಗೆ ಸಿಕ್ಕಿಲ್ಲವೆಂದು ಅರ್ಥ.

ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಬಂಡೆ ಸಿಡಿಯುವ ಅಪಾಯದ ನಡುವೆ ಚಿನ್ನ ತೆಗೆದವರಿಗೆ ತಲೆಯಿರಲಿಲ್ಲವೇ? ಅವರ ಮೊಮ್ಮಕ್ಕಳಿಗೆ ಮಾತ್ರ ಅದು ಎಲ್ಲಿ ಹೋಯಿತು? ಹೊಟ್ಟೆಯದನ್ನು ಕಿತ್ತುಕೊಂಡು ತಲೆಯಿಲ್ಲವೆಂದು ಹಂಗಿಸುವುದು ಯಾವ ನ್ಯಾಯ?

50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲೇ ಕಾನೂನಾಯಿತು. ನಿಮ್ಮ ಕಾರ್ಖಾನೆಯಲ್ಲಿ ಅದು ಇದೆಯೇ? ಮಗುವನ್ನು ಅಂಗಡಿಯ ಮೂಲೆಯಲ್ಲಿ ಕೂರಿಸಿಕೊಂಡು ವ್ಯಾಪಾರ ಮಾಡುವ ಬಂಧುಗಳೇ, ನಿಮ್ಮ ಬೀದಿಯ ಅಂಗನವಾಡಿಯಲ್ಲಿ ಹಾಲು, ಮೊಟ್ಟೆ ಸಿಗುತ್ತಿದೆಯೇ? ಇಲ್ಲವಾದರೆ ಒಟ್ಟಾಗಿ ಹೋಗಿ ಕೇಳೋಣ. ಭಿಕ್ಷೆಯೆಂದಲ್ಲ, ಹಕ್ಕೆಂದು ಕೇಳೋಣ. ಕೂಲಿ ಬಾಕಿಯನ್ನು ಮುಂದಿನ ತಿಂಗಳು ವಸೂಲು ಮಾಡಬಹುದು. ಮಗುವಿನ ಮೊದಲ ಆರು ವರ್ಷಗಳ ಬಾಕಿಯನ್ನು ಹಾಗೆ ವಸೂಲು ಮಾಡಲಾಗದು.