ಆ ಕೆಂಪು ಗುರುತು ಯಾರದು?

ಮಕ್ಕಳೇ, ಬಿಳಿ ಬೋರ್ಡಿನ ಮೇಲೆ ಕೂಡಿಸುವ ಲೆಕ್ಕದ ಗುರುತಿನಂಥ ಕೆಂಪು ಚಿಹ್ನೆ ಕಂಡರೆ ಏನಂತೀರಿ? ‘ಡಾಕ್ಟರು’ ಅಂತೀರಿ. ಮಲ್ಲಟದಿಂದ ಮಾನ್ವಿಗೋ ರಾಯಚೂರಿಗೋ ಹೋಗುವಾಗ ಔಷಧಿ ಅಂಗಡಿ, ಕ್ಲಿನಿಕ್ಕು, ಕಾರಿನ ಗಾಜು ನೋಡುತ್ತಾ ಹೋಗಿ, ಅಲ್ಲೊಂದು ಇಲ್ಲೊಂದು ಕಂಡೇ ಕಾಣುತ್ತದೆ. ಆದರೆ ರೆಡ್ ಕ್ರಾಸ್ ಡಾಕ್ಟರ ಗುರುತಲ್ಲ. ಯುದ್ಧಭೂಮಿಯಲ್ಲಿ ಅದಕ್ಕಿರುವ ಅರ್ಥ ಒಂದೇ: ‘ಗುಂಡು ಹಾರಿಸಬೇಡಿ!’

1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ಘೋರ ಯುದ್ಧವಾಯಿತು. ಸಾವಿರಾರು ಗಾಯಾಳುಗಳಿಗೆ ಗುಟುಕು ನೀರು ಕೊಡುವವರಿಲ್ಲ. ವ್ಯವಹಾರದ ಕೆಲಸಕ್ಕೆ ಬಂದಿದ್ದ ಸ್ವಿಟ್ಜರ್ಲೆಂಡಿನ ಹೆನ್ರಿ ಡ್ಯೂನಾಂಟ್, ಪಕ್ಕದೂರಿನ ಹೆಂಗಸರನ್ನು ಸೇರಿಸಿಕೊಂಡು ಆರೈಕೆಗೆ ನಿಂತರು. ನೀನು ಯಾವ ಕಡೆಯವನು ಎಂದು ಯಾರನ್ನೂ ಕೇಳಲಿಲ್ಲ. ಮುಂದೆ 1864ರಲ್ಲಿ ಜಿನೀವಾ ಒಪ್ಪಂದವಾಯಿತು. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ಅದಲುಬದಲು ಮಾಡಿದರೆ ಆ ಗುರುತು! ಅದನ್ನು ತೊಟ್ಟು ಗಾಯಾಳುಗಳ ಸೇವೆ ಮಾಡುವವರ ಮೇಲೆ ಯಾರೂ ಕೈ ಮಾಡುವಂತಿಲ್ಲ.

1949ರಲ್ಲಿ ಆ ಒಪ್ಪಂದ ಬೆಳೆದು ನಾಲ್ಕಾಯಿತು. ಭಾರತ 1950ರಲ್ಲಿ ಸೇರಿತು. ಸೇರುವುದೆಂದರೆ ಸಹಿ ಹಾಕಿ ಕೈತೊಳೆದುಕೊಳ್ಳುವುದಲ್ಲ. ಜಿನೀವಾದಲ್ಲಿ ಕೊಟ್ಟ ಮಾತು ಮಾನ್ವಿಯಲ್ಲೂ ನಡೆಯಬೇಕಾದರೆ ನಮ್ಮದೇ ಕಾನೂನು ಬೇಕು. ಅದಕ್ಕೇ 1960ರಲ್ಲಿ ಸಂಸತ್ತು ಜಿನೀವಾ ಒಪ್ಪಂದಗಳ ಕಾಯಿದೆ ಮಾಡಿತು. ಅದರ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ರೆಡ್ ಕ್ರಾಸ್ ಬಳಸುವುದು ತಪ್ಪು. ಆಗ ಗೊತ್ತುಮಾಡಿದ ದಂಡ 500 ರೂಪಾಯಿವರೆಗೆ. ಆ ಕಾಲಕ್ಕೆ 500 ಅಂದರೆ ಎಷ್ಟು ಎಂದು ಅಜ್ಜನನ್ನೇ ಕೇಳಿ!

ಅಂಗಡಿ ಬೋರ್ಡಿಗೆ ಇಷ್ಟೊಂದು ಗದ್ದಲವೇ ಎನ್ನಬೇಡಿ. ಬಂದೂಕು ಹಿಡಿದವನಿಗೆ ಯೋಚಿಸಲು ಒಂದು ಕ್ಷಣ ಸಿಕ್ಕರೆ ಹೆಚ್ಚು. ಗುರುತು ಕಂಡಕಂಡಲ್ಲಿ ಸವೆದುಹೋಗಿದ್ದರೆ ಅವನ ಬೆರಳು ನಿಲ್ಲುವುದು ಹೇಗೆ? ಗುರುತಿದ್ದರೂ ಕೆಲವೊಮ್ಮೆ ನಿಲ್ಲುವುದಿಲ್ಲ. 1961ರ ಡಿಸೆಂಬರಿನಲ್ಲಿ ಆಫ್ರಿಕಾದ ಕಾಂಗೋದಲ್ಲಿ ರೆಡ್ ಕ್ರಾಸಿನ ಮೂವರು ಹತರಾದರು. ಅದೇ ಊರಿನಲ್ಲಿ, ಅದೇ ತಿಂಗಳ 5ರಂದು, ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಪ್ರಾಣಕೊಟ್ಟರು. ಹುಡುಗರಾಗಿದ್ದಾಗ ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ ಓದಿದವರು. ಅವರಿಗೆ ಪರಮವೀರ ಚಕ್ರ ಸಂದಿತು.

ಶಾಂತಿ ಕಾಯುವವರಿಗೂ ಅವರ ಜೊತೆ ನೆರವಿಗೆ ಹೋಗುವವರಿಗೂ ಬೇರೆಯದೇ ಒಪ್ಪಂದ ಬೇಕೆಂದು ವಿಶ್ವಸಂಸ್ಥೆ ಒಪ್ಪಿದ್ದು 1994ರಲ್ಲಿ, ತೀರ ತಡವಾಗಿ. 22 ದೇಶಗಳು ಸೇರಿದ ಮೇಲಷ್ಟೇ ಜಾರಿ ಎಂಬ ನಿಯಮವಿತ್ತು. ಹಾಗಾಗಿ ಜಾರಿಯಾಗಲು 1999 ಆಯಿತು. ಅಂಥವರ ಮೇಲೆ ಕೈ ಮಾಡಿದವನು ಸೇರಿದ ದೇಶದಲ್ಲಿ ಸಿಕ್ಕಿದರೆ, ಅಲ್ಲೇ ವಿಚಾರಣೆ ನಡೆಸಬೇಕು, ಇಲ್ಲವೇ ಕೇಳಿದ ದೇಶಕ್ಕೆ ಒಪ್ಪಿಸಬೇಕು.

ಮುಂದಿನ ಸಲ ಪೇಟೆಗೆ ಹೋದಾಗ ಕೆಂಪು ಗುರುತು ಎಷ್ಟು ಕಡೆ ಇದೆ ಎಣಿಸಿ. ಅಂಗಡಿಯವರ ಜೊತೆ ಜಗಳ ಬೇಡ. ಅಜ್ಜಿಯನ್ನು ಮುಂದೆ ಬಿಟ್ಟು ಮೆಲ್ಲಗೆ ಹೇಳಿಸಿ. ಕೆಂಪಿನ ಮೇಲೆ ಹಸಿರು ಬಳಿಯಲು ಒಂದು ಸಣ್ಣ ಡಬ್ಬಿ ಬಣ್ಣ ಸಾಕು.