ಬಯ್ಯಬೇಡ ಅಜ್ಜಾ, ಬೇಗ ಬಾ

ಮಳೆಗಾಲದಲ್ಲಿ ಕುಮುದ್ವತಿ ತುಂಬಿ ಹರಿದು ನಮ್ಮ ಅಂಜನಾಪುರದ ಜಲಾಶಯ ಕೋಡಿ ಬಿದ್ದರೆ ನೋಡಲು ಸುತ್ತಮುತ್ತಲಿನ ಜನ ಬರುತ್ತಾರೆ. ಮಾರನೆಯ ಬೆಳಿಗ್ಗೆ ವಾಕಿಂಗ್ ಹೋಗುವ ನನಗೆ ದಾರಿಯುದ್ದಕ್ಕೂ ಸಿಗುವುದು ಮಂಡಕ್ಕಿ ಕಟ್ಟಿದ ಕಾಗದ, ಪ್ಲಾಸ್ಟಿಕ್ ಲೋಟ, ಖಾಲಿ ಬಾಟಲಿ, ಮದ್ಯದ ಟೆಟ್ರಾ ಪ್ಯಾಕ್. 'ಯಾರೋ ದೊಡ್ಡವರ ಕೆಲಸ' ಅಂದುಕೊಂಡು ದಾಟಿ ಹೋಗುತ್ತಿದ್ದೆ. ಕಳೆದ ವರ್ಷ ಒಂದು ಭಾನುವಾರದ ಸಂಜೆ ಆ ನಂಬಿಕೆ ಹೋಯಿತು.

ಆರೂವರೆ ಇರಬಹುದು. ಮೊದಲ ಪಿಯುಸಿ ಓದುತ್ತಿದ್ದ ಮೊಮ್ಮಗನ ಫೋನ್ ಬಂತು. "ಅಜ್ಜಾ, ಬಯ್ಯಬೇಡ. ಅಪ್ಪಂಗೂ ಹೇಳಬೇಡ. ಬೇಗ ಬಾ."

ಅಡಿಕೆ ತೋಟವೊಂದರ ಪಂಪ್‌ಸೆಟ್ ಮನೆ. ನಾಲ್ಕು ಹುಡುಗರು. ಒಬ್ಬನ ಹುಟ್ಟುಹಬ್ಬವಂತೆ. ಕೇಕಿನ ಜೊತೆಗೆ ಯಾರೋ ಮದ್ಯದ ಪ್ಯಾಕೆಟ್ ತಂದಿದ್ದಾರೆ. 'ಯಾರು ಬೇಗ ಮುಗಿಸ್ತಾರೆ ನೋಡೋಣ' ಅಂತ ಪಂದ್ಯ ಕಟ್ಟಿದ್ದಾರೆ. ಗೆದ್ದವನು ನೆಲದ ಮೇಲೆ ಅಂಗಾತ ಬಿದ್ದಿದ್ದ. ಬಾಯಿಯ ಪಕ್ಕ ವಾಂತಿ. ಕರೆದರೆ ಓಗೊಡುತ್ತಿಲ್ಲ. ಒಂದು ಉಸಿರು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು.

ನಾನು ಹೋಗುವ ಮೊದಲು ಅವರು ಅವನ ತಲೆಗೆ ತಣ್ಣೀರು ಸುರಿದಿದ್ದರು. 'ಮಲಗಿ ಎದ್ದರೆ ಸರಿಹೋಗ್ತದೆ, ಬಾಗಿಲು ಎಳೆದುಕೊಂಡು ಹೋಗೋಣ' ಅಂತ ಇಬ್ಬರು ಹೊರಟೂ ಇದ್ದರಂತೆ. ಮನೆಯಲ್ಲಿ ಬೈಗುಳದ ಭಯ. ಹುಡುಗರನ್ನು ಯಾಕೆ ದೂರಲಿ? ಎಪ್ಪತ್ತು ದಾಟಿದ ನನಗೂ ತೋಚಿದ್ದು 'ಮಜ್ಜಿಗೆ ತನ್ನಿ, ಕುಡಿಸೋಣ' ಎಂದೇ. 108ಕ್ಕೆ ಫೋನ್ ಮಾಡಿದಾಗ ಆ ಕಡೆಯವರು ಹೇಳಿದರು: "ಬಾಯಿಗೆ ಏನೂ ಹಾಕಬೇಡಿ. ಮೊದಲು ಮಗ್ಗುಲಾಗಿ ತಿರುಗಿಸಿ. ಒಬ್ಬನೇ ಬಿಡಬೇಡಿ." ಹಾಗೇ ಮಾಡಿದೆವು. ತಿರುಗಿಸಿದ ಸ್ವಲ್ಪ ಹೊತ್ತಿಗೆ ಅವನಿಗೆ ಮತ್ತೆ ವಾಂತಿಯಾಯಿತು. ಅಂಗಾತವೇ ಇದ್ದಿದ್ದರೆ ಅದು ಉಸಿರುನಾಳಕ್ಕೆ ಹೋಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಮಜ್ಜಿಗೆ ಕುಡಿಸಿದ್ದರೂ ಅದೇ ಗತಿ.

ಹುಡುಗ ಉಳಿದ. ಅವನ ಹೆಸರು ಬೇಡ. ಲೆಕ್ಕ ಮಾತ್ರ ಹೇಳುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸವೆದವನು, ಲೆಕ್ಕ ಹಾಕದೆ ಇರಲಾರೆ.

ಅವನು ಕುಡಿದದ್ದು ಎರಡು 'ನೈಂಟಿ', ಅಂದರೆ 180 ಮಿಲಿ. ಇಂಥ ಮದ್ಯದಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. ತೂಕಕ್ಕೆ ತಿರುಗಿಸಿದರೆ ಸುಮಾರು 60 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತ ಎಂದು ಎಣಿಸುತ್ತದೆ. ಅದೂ ದೊಡ್ಡವರ ಲೆಕ್ಕ. ನಮ್ಮ ಯಕೃತ್ತು, ಅಂದರೆ ಲಿವರ್, ಗಂಟೆಗೆ ಸುಮಾರು 10 ಗ್ರಾಂ ಮಾತ್ರ ಕರಗಿಸಬಲ್ಲದು. ಅದು ಒಂದೇ ಕೌಂಟರಿರುವ ಬ್ಯಾಂಕಿನ ಹಾಗೆ. ಹೊರಗೆ ಎಷ್ಟೇ ಉದ್ದ ಸಾಲಿರಲಿ, ಒಳಗಿನ ವೇಗ ಹೆಚ್ಚುವುದಿಲ್ಲ. 60 ಗ್ರಾಂ ಕರಗಲು ಆರು ಗಂಟೆ ಬೇಕು. ಹುಡುಗ ಒಳಗೆ ಹಾಕಿದ್ದು ಹತ್ತು ನಿಮಿಷದಲ್ಲಿ. ಉಳಿದದ್ದೆಲ್ಲ ರಕ್ತದಲ್ಲಿ ಸುತ್ತುತ್ತಾ ಮಿದುಳಿಗೆ ಹೋಗುತ್ತದೆ. ಉಸಿರಾಡಿಸುವುದೂ ಮಿದುಳೇ ಅಲ್ಲವೇ? ಕುಡಿಯುವುದು ನಿಂತ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. 'ಈಗ ಮಲಗಿದ್ದಾನೆ, ಇನ್ನು ಇಳಿಯುತ್ತದೆ' ಎನ್ನುವ ಹೊತ್ತಿಗೇ ಅದು ಏರುತ್ತಿರಬಹುದು.

'ಬಿಯರ್ ಆದರೆ ಪರವಾಗಿಲ್ಲ' ಎನ್ನುವವರಿದ್ದಾರೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಒಂದೂವರೆ ಬಾಟಲಿಗೆ ಅದೇ 60 ಗ್ರಾಂ.

ಇನ್ನೊಂದು ಲೆಕ್ಕ ನಿಧಾನದ್ದು. ಅಮೆರಿಕದಲ್ಲಿ 1990ರ ದಶಕದಲ್ಲಿ ಸಾವಿರಾರು ಜನರನ್ನು ಕೇಳಿ ಒಂದು ಸಮೀಕ್ಷೆ ಮಾಡಿದರು. 21ನೇ ವಯಸ್ಸಿಗೆ ಶುರುಮಾಡಿದವರಿಗಿಂತ, 15 ತುಂಬುವ ಮೊದಲೇ ಶುರುಮಾಡಿದವರಲ್ಲಿ ಚಟಕ್ಕೆ ಬಿದ್ದವರು ನಾಲ್ಕು ಪಟ್ಟು ಹೆಚ್ಚು. ಮನೆಯ ವಾತಾವರಣ, ವಂಶದ ಗುಣ ಇವೂ ಅದರಲ್ಲಿ ಸೇರಿರಬಹುದು. ಆದರೂ ನಮ್ಮ ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷ ಬೇಕು ಎನ್ನುತ್ತಾರೆ ವೈದ್ಯರು. ಹಸಿ ಗೋಡೆಯ ಮೇಲೆ ಮೂಡಿದ ಗುರುತು ಹಾಗೇ ಉಳಿಯುತ್ತದೆ.

ಕಾನೂನು ಇಲ್ಲವೇ ಎಂದರೆ ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗ ಹಣಕಾಸು ಖಾತೆ ನಮ್ಮ ಶಿಕಾರಿಪುರದ ಶಾಸಕರಾದ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿತ್ತು. ಸಾರಾಯಿ ಕೊಟ್ಟೆ ಹೋಯಿತು, ಟೆಟ್ರಾ ಪ್ಯಾಕ್ ಉಳಿಯಿತು. 21 ತುಂಬದವರಿಗೆ ಮದ್ಯ ಮಾರಬಾರದೆಂದು ಅಬಕಾರಿ ನಿಯಮ ಇದೆ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಪ್ರಸ್ತಾವ ಬಂದು, ಜನರ ವಿರೋಧದಿಂದ ಬಿದ್ದುಹೋಯಿತು. 2015ರ ಬಾಲನ್ಯಾಯ ಕಾಯ್ದೆಯಂತೆ, 18 ತುಂಬದ ಮಕ್ಕಳಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಇಷ್ಟಿದ್ದೂ ಪಂಪ್‌ಸೆಟ್ ಮನೆಗೆ ಪ್ಯಾಕೆಟ್ ಬಂತು.

ನನ್ನ ಓರಗೆಯವರಿಗೆ ಒಂದು ಮಾತು. ಕೆಲವು ವರ್ಷಗಳ ಹಿಂದೆ ನೆಂಟರ ಮನೆಯ ಗೃಹಪ್ರವೇಶದ ರಾತ್ರಿ, ಹಿತ್ತಲಲ್ಲಿ ಕೂತವರೊಬ್ಬರು ಎಂಟು ವರ್ಷದ ಹುಡುಗನ ತುಟಿಗೆ ಬಿಯರಿನ ನೊರೆ ಹಚ್ಚಿದರು. ಅವನು ಮುಖ ಕಿವುಚಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹುಡುಗ ನನ್ನ ಮೊಮ್ಮಗನೇ. ಕುಡಿಯುವುದು ತಮಾಷೆ ಎಂದು ಅವನಿಗೆ ಮೊದಲ ಪಾಠ ಹೇಳಿದವರಲ್ಲಿ ನಾನೂ ಒಬ್ಬ.

'ಅಪ್ಪಂಗೆ ಹೇಳಬೇಡ' ಅಂದಿದ್ದನಲ್ಲ, ಆ ಮಾತು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ. ಅವತ್ತು ರಾತ್ರಿಯೇ ನಾಲ್ವರ ಮನೆಗೂ ತಿಳಿಸಿದೆ. ಆದರೆ ಮಗನಿಗೆ ಒಂದೇ ಮಾತು ಹೇಳಿದೆ: "ಹೊಡೆಯಬೇಡ. ಇವನು ಫೋನ್ ಮಾಡಿದ್ದಕ್ಕೆ ಆ ಹುಡುಗ ಬದುಕಿದ್ದಾನೆ." ಮೊಮ್ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಜಗಲಿಯಲ್ಲಿ ಬಂದು ಕೂತ. "ಅಜ್ಜಾ, ಮುಂದೆ ಹಿಂಗೆ ಏನಾದ್ರೂ ಆದ್ರೆ ನಿನಗೆ ಫೋನ್ ಮಾಡಬಹುದಾ?"

"ನಡುರಾತ್ರಿ ಆದ್ರೂ ಮಾಡು. ಮೊದಲು ಬರ್ತೀನಿ. ಕೇಳೋದೆಲ್ಲ ಬೆಳಿಗ್ಗೆ."

ಮಕ್ಕಳೇ, ಗೆಳೆಯರು ಪಂದ್ಯ ಕಟ್ಟಿದರೆ ಸೋತು ಎದ್ದು ಬನ್ನಿ, ಅವಮಾನವಿಲ್ಲ. ಯಾರಾದರೂ ಕುಡಿದು ಬಿದ್ದು ಎಬ್ಬಿಸಿದರೂ ಏಳದಿದ್ದರೆ, ಉಸಿರಿಗೂ ಉಸಿರಿಗೂ ನಡುವೆ ಹತ್ತು ಸೆಕೆಂಡು ಕಳೆದರೆ, ಮೈ ತಣ್ಣಗಾದರೆ ಅದು ನಿದ್ದೆಯಲ್ಲ. ಮಗ್ಗುಲಿಗೆ ತಿರುಗಿಸಿ, 108ಕ್ಕೆ ಫೋನ್ ಮಾಡಿ, ಜೊತೆಯಲ್ಲೇ ಇರಿ. ಮನೆಯಲ್ಲಿ ಯಾರಿಗಾದರೂ ಬಿಡಲಾಗದ ಕುಡಿತವಿದ್ದರೆ 14446 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಇದೂ ಒಂದು ಕಾಯಿಲೆ, ಚಿಕಿತ್ಸೆ ಇದೆ.

ಅಜ್ಜ ಅಜ್ಜಿಯರೇ, ಇವತ್ತು ರಾತ್ರಿ ಊಟ ಮುಗಿದ ಮೇಲೆ ಮೊಮ್ಮಕ್ಕಳಿಗೆ ನಿಮ್ಮ ಫೋನ್ ನಂಬರ್ ಬಾಯಿಪಾಠ ಮಾಡಿಸಿ. 'ಬಯ್ಯೋದಿಲ್ಲ, ಬರ್ತೀನಿ' ಎಂದು ಮೊದಲೇ ಹೇಳಿಡಿ. ಆ ಮಾತು ಗೊತ್ತಿಲ್ಲದ ಮಕ್ಕಳೇ ಬಾಗಿಲು ಎಳೆದುಕೊಂಡು ಹೋಗುತ್ತಾರೆ.