ಲಿಂಬಿ ಗಿಡಕ್ಕೊಂದು ವರ್ಷ ರಜೆ

ಮುದ್ದೇಬಿಹಾಳದ ನಮ್ಮ ಹಿತ್ತಲದ ಲಿಂಬಿ ಗಿಡ ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಮೈತುಂಬ ಹೂ ಬಿಟ್ಟಿತು. ಎಲೆ ಕಡಿಮೆ, ಹೂವೇ ಜಾಸ್ತಿ. ಅವ್ವ ಉಪ್ಪಿನಕಾಯಿ ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕಿಯೂ ಬಿಟ್ಟಿದ್ದಳು. ಅದೇ ವಾರ ಇಂಡಿ ಕಡೆಯಿಂದ ಬಂದಿದ್ದ ಕಾಕಾ ಗಿಡಕ್ಕೊಂದು ಸುತ್ತು ಹಾಕಿ, ‘ಹೂ ನೋಡಿ ಹಿಗ್ಗಬ್ಯಾಡ ತಮ್ಮಾ, ಗಿಡಾ ಸಾಯಾಕ ಹತ್ತೈತಿ’ ಎಂದರು.

ಕುಕ್ಕರಗಾಲಲ್ಲಿ ಕೂತು ಬೊಡ್ಡೆಯ ಮಣ್ಣನ್ನು ಕೈಯಿಂದಲೇ ಸರಿಸಿದರು. ವರ್ಷಗಟ್ಟಲೆ ಸುರಿದ ಒಲೆಯ ಬೂದಿ, ಬಚ್ಚಲ ನೀರಿನ ಕೆಸರು ಗೇಣೆತ್ತರ ಏರಿತ್ತು. ಅದರಡಿ ತೊಗಟೆ ಕಪ್ಪಾಗಿ ಗೋಂದು ಸೋರಿತ್ತು. ಎಳೆಬೇರೊಂದನ್ನು ಹಿಡಿದೆಳೆದರೆ ಸಿಪ್ಪೆಯೆಲ್ಲ ಬೆರಳಿಗೆ ಬಂತು, ಒಳಗಿನ ದಾರವಷ್ಟೇ ಮಣ್ಣಲ್ಲಿ ಉಳಿಯಿತು. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ, ಒಮ್ಮೆ ನೀರು ಕುಡಿದರೆ ಬೇಗ ಬಿಟ್ಟುಕೊಡುವುದಿಲ್ಲ. ಬೇರು ಕೊಳೆಸುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಗೆ ಇಂಥ ನಿಂತ ನೀರೇ ದಾರಿ; ಅದರ ಬೀಜಕಣಗಳು ಈಜಿಕೊಂಡೇ ಬೇರು ಮುಟ್ಟುತ್ತವೆ. ದಿನಾ ಬಚ್ಚಲ ನೀರು ಬಿಟ್ಟು ಗಿಡ ಸಾಕುತ್ತಿದ್ದೇವೆ ಅಂದುಕೊಂಡಿದ್ದೆವು ನಾವು.

ಮೊದಲು ಬಚ್ಚಲ ಪೈಪು ಬೇರೆ ಕಡೆ ತಿರುಗಿತು. ಒಣ ರೆಂಬೆಗಳನ್ನು ಉಗುರಿನಿಂದ ಕೆರೆದು, ಹಸಿರು ಕಂಡಲ್ಲಿಯವರೆಗೆ ಕತ್ತರಿಸಿದೆವು. ಕೊಳೆತ ತೊಗಟೆ ಹೆರೆದು ಬೋರ್ಡೋ ಮುಲಾಮು ಹಚ್ಚಿದೆವು: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್ ಲೆಕ್ಕ, ನಮ್ಮ ಒಂದು ಗಿಡಕ್ಕೆ ಅದರ ಹತ್ತರಲ್ಲೊಂದು ಪಾಲೇ ಹೆಚ್ಚಾಯಿತು. ಕಾಕಾ ಅದರಲ್ಲಿ ಈಳಿಗೆಯ ತುದಿ ಅದ್ದಿ ನೋಡಿದರು. ಕಬ್ಬಿಣಕ್ಕೆ ತಾಮ್ರದ ಬಣ್ಣ ಹತ್ತಿತು. ‘ಇನ್ನಷ್ಟ ಸುಣ್ಣಾ ಹಾಕು’. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಇದನ್ನೇ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಗಮನಿಸಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಸಾರಿದ. ಕಳ್ಳರ ಹೆಸರು ಮಾತ್ರ ಎಲ್ಲೂ ಬರಲಿಲ್ಲ!

ಬೊಡ್ಡೆಗೆ ನೀರು ತಾಗದಂತೆ ಮಣ್ಣಿನ ಒಡ್ಡು ಕಟ್ಟಿ, ರೆಂಬೆಗಳ ನೆರಳು ಬೀಳುವ ಅಂಚಿಗೆ ಉಂಗುರದಂತೆ ಪಾತಿ ತೆಗೆದು ಹಳೆಯ ತಿಪ್ಪೆಗೊಬ್ಬರ ಹಾಕಿದೆವು. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಕೊನೆಗೆ ಕಾಕಾ, ‘ಇನ್ನ ಹೂ ಉದುರಸು’ ಎಂದರು. ಬೇರೇ ಇಲ್ಲದ ಗಿಡ ಕಾಯಿ ಹೊತ್ತರೆ ಇದ್ದ ಕಸುವೂ ಅದಕ್ಕೇ ಹೋಗುತ್ತದೆ, ಹೊಸ ಬೇರಿಗೆ ಏನೂ ಉಳಿಯುವುದಿಲ್ಲ. ಅವ್ವ ಒಳಗೆ ಎದ್ದು ಹೋದಳು. ಸಂಜೆವರೆಗೆ ಮುಳ್ಳು ಚುಚ್ಚಿಸಿಕೊಳ್ಳುತ್ತ ನಾನೊಬ್ಬನೇ ಕಿತ್ತೆ.

ಕಾಕಾನ ತೋಟದ ಕತೆ ಬೇರೆ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಇದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆದರೆ ಲಿಂಬೆಗೆ ರೇಟು ಬರುವುದು ಬೇಸಿಗೆಯಲ್ಲಿ. ಬೇಸಿಗೆಗೆ ಕಾಯಿ ಬೇಕೆಂದರೆ ಹಸ್ತ ಮಳೆಯ ಹೊತ್ತಿಗೆ ಗಿಡ ಹೂ ಬಿಡಬೇಕು. ಅದಕ್ಕಾಗಿ ನೀರು ನಿಲ್ಲಿಸಿ, ಎಲೆ ಬಾಡಿ ಉದುರುವವರೆಗೆ ಕಾಯಿಸಿ, ಆಮೇಲೆ ಒಮ್ಮೆಲೆ ನೀರು ಕೊಡುತ್ತಾರೆ. ಹಸ್ತ ಬಹಾರ ಹಿಡಿಯುವುದೆಂದರೆ ಇದೇ. ಜೀವಭಯ ಹುಟ್ಟಿಸಿ ಹೂ ಬಿಡಿಸುವ ವಿದ್ಯೆ ಎಂದು ನನಗನಿಸುತ್ತದೆ. ಗಟ್ಟಿ ಗಿಡ ತಡೆಯುತ್ತದೆ, ಸೊರಗಿದ ಗಿಡ ಅದೇ ಬಹಾರಕ್ಕೆ ಹೋಗಿಬಿಡುತ್ತದೆ. ಹಾಗೆ ಬಿಟ್ಟ ಕಾಯಿ ಉಳಿಸಲು ಬರಗಾಲದಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಬೇಕು.

‘ನಿಮ್ಮ ತ್ವಾಟದಾಗೂ ಸೊರಗಿದ ಗಿಡದ ಹೂ ಉದುರಸ್ತೀರೇನು ಕಾಕಾ?’ ಎಂದೆ.

‘ಬ್ಯಾಂಕಿನವ್ರು ಉದುರಸಾಕ ಬಿಟ್ರ ಉದುರಸ್ತೀನಿ’ ಎಂದು ನಕ್ಕು ಕೈ ತೊಳೆದುಕೊಂಡರು.

ಮಳೆಗಾಲದಲ್ಲಿ ನಮ್ಮ ಗಿಡ ಕೆಂಪು ಚಿಗುರು ಹಾಕಿತು. ಈಗ ಎಲೆ ದಟ್ಟವಾಗಿದೆ, ಉಜ್ಜಿದರೆ ಘಮ್ಮೆನ್ನುತ್ತದೆ. ಮೊನ್ನೆ ಏಳೆಂಟು ಮೊಗ್ಗು ಕಂಡವು. ಅವ್ವ ಕಂಡೂ ಕಾಣದವಳಂತೆ ಬಟ್ಟೆ ಒಣಹಾಕುತ್ತಿದ್ದಳು. ಇರಲೋ, ಕೀಳಲೋ ಎಂದು ಕೇಳಲು ಕಾಕಾಗೆ ಫೋನ್ ಹಚ್ಚಿದೆ.

‘ಟ್ಯಾಂಕರ್ ಬಂದೈತಿ, ಆಮ್ಯಾಲ ಹಚ್ಚು’ ಎಂದು ಇಟ್ಟುಬಿಟ್ಟರು.